ಐದನೇ ಮಹಡಿ, ಜಲಪಾತದ ಕಡೆ

ಜನವರಿ ೬

ಅಕ್ಕಾ,

ಕಾಗದ ಕಂಡು ಗಾಬರಿಯಾಗಬೇಡ, ಎಲ್ಲರೂ ಬದುಕಿದ್ದೇವೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯೇನೋ. ಮಾಡಿದ್ದೆ. ಹೋದ ತಿಂಗಳು ಒಂಬತ್ತು ಸಲ ಮಾಡಿದ್ದೆ. ಎರಡು ವರ್ಷದ ಹಿಂದಿನ ಆ ಫೋನಿನ ಮಾತನ್ನು ನಾನು ಎತ್ತುವುದಿಲ್ಲ. ಅದಾದ ಮೇಲೆ ನೀನು ಫೋನನ್ನೇ ಎತ್ತುವುದಿಲ್ಲ. ಹೀಗೆ ಅಕ್ಕ ತಮ್ಮ ಇಬ್ಬರೂ ಏನನ್ನೂ ಎತ್ತದೆ, ಬೆನ್ನುನೋವಿಲ್ಲದೆ ಸುಖವಾಗಿದ್ದೇವೆ. ಮೊಬೈಲಿನಲ್ಲಿ ನಾಲ್ಕಕ್ಷರ ಬರೆದು ಕಳಿಸೋಣವೆಂದರೆ, ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ನನ್ನ ಹೆಬ್ಬೆರಳು ಒಂದೇ ಒತ್ತಿಗೆ ಮೂರು ಅಕ್ಷರ ಒತ್ತುತ್ತದೆ. ಆದ್ದರಿಂದ ಕಾಗದ.

ವಿಷಯಕ್ಕೆ ಬಂದೆ. ನಮ್ಮ ಲಿಫ್ಟ್ ಕಂಪನಿಯ ಮ್ಯಾನೇಜರು ಒಂದು ರಜೆ ಕೊಂಡಿದ್ದಾರೆ. ರಜೆ ಹಾಕಿದ್ದಲ್ಲ, ದುಡ್ಡು ಕೊಟ್ಟು ಕೊಂಡದ್ದು. ಒಂದು ರೆಸಾರ್ಟ್ ಕಂಪನಿಯಿದೆಯಂತೆ. ಅವರ ಹತ್ತಿರ ಒಂದು ಮನೆಯನ್ನು ಪೂರ್ತಿ ಕೊಳ್ಳಬೇಕಾಗಿಲ್ಲ. ವರ್ಷದ ಐವತ್ತೆರಡು ವಾರದಲ್ಲಿ ಒಂದೇ ಒಂದು ವಾರವನ್ನು ಕೊಂಡರೆ ಸಾಕು. ಇಪ್ಪತ್ತೈದು ವರ್ಷ, ಪ್ರತಿ ವರ್ಷ, ಆ ವಾರ ಆ ಮನೆ ನಮ್ಮದು. ಮಿಕ್ಕ ಐವತ್ತೊಂದು ವಾರ ಬೇರೆಯವರು ನಮ್ಮ ಮಂಚದ ಮೇಲೆ ಗೊರಕೆ ಹೊಡೆಯುತ್ತಾರೆ. ಅರ್ಧ ನೀನು, ಅರ್ಧ ನಾನು ಹಾಕಿದರೆ ಎರಡು ಮಲಗುವ ಕೋಣೆಯ ಒಂದು ಮನೆ ಸಿಗುತ್ತದೆ. ನೀನು, ಭಾವ, ನಾನು, ನನ್ನವಳು. ಇಪ್ಪತ್ತೈದು ವರ್ಷ ಮುಗಿಯುವ ಹೊತ್ತಿಗೆ ನಿನಗೆ ಎಂಬತ್ತೆರಡು, ನನಗೆ ಎಪ್ಪತ್ತೇಳು. ಆಮೇಲೆ ಬೇಕಾದರೆ ಮಾತು ಬಿಡೋಣ.

ಅವರದು ನಾಲ್ಕು ಕಡೆ ರೆಸಾರ್ಟ್ ಇದೆ: ಕಡಲ ದಂಡೆ, ಬೆಟ್ಟದ ತುದಿ, ಜಲಪಾತ, ಸರೋವರ. ನಾಲ್ಕರ ಬಣ್ಣದ ಪುಸ್ತಕಗಳನ್ನೂ ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ನನಗೆ ಕಡಲು ಇಷ್ಟ. ದಂಡೆಯ ಮೇಲೇ ಸಾಲಾಗಿ ಸಣ್ಣ ಮನೆಗಳು, ಬಾಗಿಲು ತೆಗೆದರೆ ಮರಳು. ನೀನೇನಂತೀ?

ನನಗೆ ಈಗ ಬಿಡಿಭಾಗಗಳ ಉಗ್ರಾಣದ ಕೆಲಸ. ಬಡ್ತಿ ಎಂದೇ ಹೇಳಿದ್ದಾರೆ. ಹತ್ತನೇ ಮಹಡಿಗಳಲ್ಲಿ ತೂಗಾಡುತ್ತಿದ್ದವನನ್ನು ನೆಲಕ್ಕಿಳಿಸಿ ಬಡ್ತಿ ಎನ್ನುವುದು ನಮ್ಮ ಕಂಪನಿಯಲ್ಲಿ ಮಾತ್ರ.

ನಿನ್ನ ತಮ್ಮ


ಜನವರಿ ೧೪

ತಿರುಪೂ,

ಐವತ್ತೆರಡಾದವನನ್ನು ತಿರುಪು ಎಂದು ಕರೆಯಬಾರದು ಎನ್ನುತ್ತಾರೆ ನಿನ್ನ ಭಾವ. ಏಳನೇ ವಯಸ್ಸಿನಲ್ಲಿ ಮನೆಯ ಗಡಿಯಾರ ಬಿಚ್ಚಿ, ತಿರುಗಿ ಜೋಡಿಸಿ, ಒಂದು ತಿರುಪನ್ನು ಕೈಯಲ್ಲೇ ಉಳಿಸಿಕೊಂಡು ನಿಂತಿದ್ದವನನ್ನು ಇನ್ನೇನೆಂದು ಕರೆಯಲಿ? ಬಡ್ತಿಯ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಇನ್ನಾದರೂ ನೆಲದ ಮೇಲೆ ನಿಂತು ಕೆಲಸ ಮಾಡುತ್ತೀಯಲ್ಲ.

ಫೋನ್ ಎತ್ತದ್ದಕ್ಕೆ ಕಾರಣವಿದೆ. ಶಾಲೆಯಲ್ಲಿ ಭೂಗೋಳದ ಜೊತೆಗೆ ವೇಳಾಪಟ್ಟಿಯ ಕೆಲಸವೂ ನನ್ನದೇ ಎಂಬುದು ನಿನಗೆ ಗೊತ್ತಲ್ಲ. ಮೂವತ್ತೊಂದು ಮಂದಿ ಟೀಚರುಗಳು, ಹದಿನೆಂಟು ತರಗತಿ. ಗಣಿತದವರಿಗೆ ಮಧ್ಯಾಹ್ನ ಬೇಡ, ವ್ಯಾಯಾಮದವರಿಗೆ ಬಿಸಿಲು ಬೇಡ, ಚಿತ್ರಕಲೆಯವರಿಗೆ ಯಾರೂ ಬೇಡ. ಇದರ ನಡುವೆ ಫೋನ್ ಎಲ್ಲಿ?

ರೆಸಾರ್ಟ್ ಒಳ್ಳೆಯ ಯೋಚನೆ. ನಾನೂ ಬರುತ್ತೇನೆ, ಅರ್ಧ ಹಾಕುತ್ತೇನೆ. ಆದರೆ ಕಡಲು ಬೇಡ. ಅದಕ್ಕೆ ಪೂರ್ಣವಿರಾಮ ಎಂಬುದೇ ಗೊತ್ತಿಲ್ಲ. ಇಪ್ಪತ್ತನಾಲ್ಕು ಗಂಟೆಯೂ ಒಂದೇ ವಾಕ್ಯ. ಜಲಪಾತವಂತೂ ಬೇಡವೇ ಬೇಡ. ಬಿದ್ದವರನ್ನು ನೋಡುತ್ತಾ ನಿಲ್ಲಬಾರದು ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು, ಬೀಳುವ ನೀರನ್ನು ವಾರಗಟ್ಟಲೆ ನೋಡುತ್ತಾ ಕೂರಲೇ?

ಬೆಟ್ಟದ ತುದಿಯದು ಚೆನ್ನಾಗಿದೆ. ಎಂಟನೇ ಮಹಡಿಯಲ್ಲಿ ಒಂದು ಮನೆಯಿದೆಯಂತೆ, ಕಿಟಕಿಯಾಚೆ ಮೋಡ. ಮೋಡ ಗುಡುಗದಿದ್ದರೆ ಅದರಷ್ಟು ಸಭ್ಯ ನೆರೆಹೊರೆ ಇನ್ನೊಂದಿಲ್ಲ. ಅಲ್ಲಿ ಕೂತು ನಿನ್ನ ಮಾತನ್ನೆಲ್ಲ ಕೇಳಬೇಕೆಂದಿದ್ದೇನೆ.

ನಿನ್ನ ಅಕ್ಕ


ಜನವರಿ ೨೩

ಅಕ್ಕಾ,

ಎಂಟನೇ ಮಹಡಿ! ಇದ್ದಿದ್ದು ನಾಲ್ಕು ಪುಸ್ತಕ, ಅದರಲ್ಲಿ ಅತಿ ಎತ್ತರದ ಪುಟವನ್ನೇ ಹುಡುಕಿ ತೆಗೆದೆಯಲ್ಲ. ನೀನು ಮರೆತು ಬರೆದೆಯೋ ನೆನಪಿಟ್ಟುಕೊಂಡು ಬರೆದೆಯೋ ಎಂದು ಎರಡು ದಿನ ಯೋಚಿಸಿದೆ. ಮರೆತು ಎಂದುಕೊಂಡಿದ್ದೇನೆ.

ಬೆಟ್ಟ ಬೇಡ. ಕಾರಣಗಳು: ಅಲ್ಲಿನ ಲಿಫ್ಟ್ ನಮ್ಮ ಕಂಪನಿಯದಲ್ಲ. ಅಲ್ಲಿನ ಹವೆ ತೀರ ತೆಳು. ನನ್ನವಳಿಗೆ ಎತ್ತರಕ್ಕೆ ಹೋದರೆ ತಲೆಸುತ್ತು. ಭಾವನಿಗೆ ಶೀತ.

ಸರೋವರದ್ದು ನೋಡು. ಅಲ್ಲಿ ಎಲ್ಲವೂ ನೆಲಮಹಡಿ. ಮಕ್ಕಳ ಈಜುಕೊಳ, ಜಾರುಬಂಡೆ, ಬೆಳಗಿನಿಂದ ಸಂಜೆಯವರೆಗೆ ಆಟ, ಹಾಡು, ಕುಣಿತ. ಮಕ್ಕಳೆಂದರೆ ನಿನಗೆ ಪ್ರಾಣವಲ್ಲವೇ?

ತಿರುಪು

ಅತ್ತಿಗೆ, ಅಂಚೆಗೆ ಹಾಕು ಅಂತ ಇದನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಅಂಟಿಸುವ ಮುಂಚೆ ಒಂದು ಸಾಲು ಸೇರಿಸುತ್ತಿದ್ದೇನೆ. ನನಗೆ ಯಾವ ತಲೆಸುತ್ತೂ ಇಲ್ಲ. ಯಾರಿಗಿದೆ ಅಂತ ಅವರನ್ನೇ ಕೇಳಿ.


ಫೆಬ್ರವರಿ ೧

ತಿರುಪೂ,

ಮಕ್ಕಳೆಂದರೆ ಪ್ರಾಣ, ನಿಜ. ಮೂವತ್ತೈದು ವರ್ಷದಿಂದ ಅದನ್ನೇ ತೆಗೆಯುತ್ತಿದ್ದಾರೆ. ರಜೆಯಲ್ಲೂ ಜಾರುಬಂಡೆಯ ಪಕ್ಕ ಮಲಗು ಎನ್ನುತ್ತೀಯಲ್ಲೋ! ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಜಾಗಗಳನ್ನೇ ಆರಿಸಿ ಆರಿಸಿ ಕಳಿಸುತ್ತಿದ್ದೀಯ. ಮೊದಲು ಕಡಲು, ಈಗ ಈಜುಕೊಳ. ಅಕ್ಕನ ಜೊತೆ ಒಂದು ವಾರ ಕಳೆಯಲು ಮನಸ್ಸಿಲ್ಲದಿದ್ದರೆ ನೇರವಾಗಿ ಹೇಳಿಬಿಡು. ನಿನ್ನ ಹೆಂಡತಿಯ ತಲೆಯನ್ನು ಯಾಕೆ ಸುತ್ತಿಸುತ್ತೀಯ? ಅವಳಿಗೆ ತಲೆಸುತ್ತು ಇಲ್ಲವೆಂದು ಅವಳೇ ಬರೆದಿದ್ದಾಳೆ. ಬೈಯಬೇಡ ಅವಳನ್ನು.

ಆ ಕಂಪನಿಯವರು ನಮ್ಮೂರಿಗೇ ಬರುತ್ತಿದ್ದಾರಂತೆ. ಎಂಟನೇ ತಾರೀಖು ದೊಡ್ಡ ಹೋಟೆಲಿನಲ್ಲಿ ಕೂರಿಸಿ ವಿವರಿಸುತ್ತಾರಂತೆ. ಹೋದವರಿಗೆಲ್ಲ ಚಕ್ರವಿರುವ ಸೂಟ್‌ಕೇಸ್ ಉಡುಗೊರೆ. ಭಾವನನ್ನು ಕರೆದುಕೊಂಡು ಹೋಗಿ, ಸುಮ್ಮನೆ ಕೂತು, ಸೂಟ್‌ಕೇಸ್ ಎಳೆದುಕೊಂಡು ಬಂದುಬಿಡುತ್ತೇನೆ. ಏನನ್ನೂ ಕೊಳ್ಳುವುದಿಲ್ಲ. ನಿನ್ನನ್ನು ಕೇಳದೆ ನಾನು ಯಾವತ್ತು ಏನು ಕೊಂಡಿದ್ದೇನೆ?

ಅಕ್ಕ


ಫೆಬ್ರವರಿ ೯

ಪ್ರೀತಿಯ ತಿರುಪು,

ಶುಭ ಸಮಾಚಾರ. ಕೊಂಡುಬಿಟ್ಟೆ.

ಇಬ್ಬರ ಹೆಸರಿನಲ್ಲೂ. ಜಲಪಾತದ್ದು. ಐದನೇ ಮಹಡಿ, ನೀರಿಗೆ ಎದುರಾಗಿರುವ ಮನೆ. ಬಾಲ್ಕನಿಯಲ್ಲಿ ನಿಂತು ಕೈ ಚಾಚಿದರೆ ತುಂತುರು ಸಿಡಿಯುತ್ತದಂತೆ. ಕೂತು ಯೋಚಿಸಿದ ಮೇಲೆ ಇದೇ ನಮಗೆಲ್ಲ ಸರಿ ಎನಿಸಿತು. ಎಲ್ಲರೂ ತುಂಬಾ ಮೆಚ್ಚಿಕೊಂಡರು, ಚಪ್ಪಾಳೆ ಕೂಡ ತಟ್ಟಿದರು.

ಸೂಟ್‌ಕೇಸಿನ ಒಂದು ಚಕ್ರ ತಿರುಗುವುದಿಲ್ಲ. ನೀನು ಬಂದಾಗ ನೋಡುವೆಯಂತೆ.

ನಿನ್ನ ಅಕ್ಕ


ಫೆಬ್ರವರಿ ೧೫

ಮಾನ್ಯರೇ,

ತಮ್ಮ ಒಂಬತ್ತನೇ ತಾರೀಖಿನ ಪತ್ರ ತಲುಪಿದೆ.

ಇಷ್ಟು ದಿನ ಮರೆತಿದ್ದೀರಿ ಎಂದುಕೊಂಡು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇನ್ನು ಆಗುವುದಿಲ್ಲ. ಎತ್ತುವುದಿಲ್ಲ ಎಂದ ಮಾತನ್ನು ಈಗ ಎತ್ತುತ್ತೇನೆ.

ಎರಡು ವರ್ಷದ ಹಿಂದೆ ಒಂದು ಭಾನುವಾರ, ಲಿಫ್ಟಿನೊಳಗೆ ಏಳು ಗಂಟೆ ಒಬ್ಬನೇ ಸಿಕ್ಕಿಹಾಕಿಕೊಂಡು, ಹೊರಗೆ ಬಂದ ಮರುದಿನ ನಾನು ಮೊದಲು ಫೋನ್ ಮಾಡಿದ್ದು ನಿಮಗೆ. ಹೆಂಡತಿಗೂ ಸರಿಯಾಗಿ ಹೇಳಿರಲಿಲ್ಲ. ಆ ಸಂಭಾಷಣೆ ನನಗೆ ಬಾಯಿಪಾಠವಾಗಿದೆ. ನಿಮಗೂ ನೆನಪಾಗಲಿ ಎಂದು ಬರೆಯುತ್ತೇನೆ.

“ಅಕ್ಕಾ, ಲಿಫ್ಟಲ್ಲಿ ಸಿಕ್ಕಾಕ್ಕೊಂಡ್‌ಬಿಟ್ಟಿದ್ದೆ, ಏಳು ಗಂಟೆ” ಎಂದೆ. ನೀವು, “ಚೆನ್ನಾಗಿದೀನಿ ಕಣೋ” ಎಂದಿರಿ.

“ಕತ್ತಲಲ್ಲಿ ಒಬ್ನೇ ಕೂತಿದ್ದೆ ಅಕ್ಕ.”

“ಆಯ್ತಪ್ಪ, ಈಗಷ್ಟೇ ಆಯ್ತು.”

“ರಾತ್ರಿಯೆಲ್ಲ ನಿದ್ದೆ ಇಲ್ಲ. ಕಣ್ಣು ಮುಚ್ಚಿದ್ರೆ ಗೋಡೆ ಹತ್ರ ಬಂದಂಗಾಗತ್ತೆ.”

“ಅವರಾ? ಪೇಪರ್ ಓದ್ತಾ ಕೂತಿದಾರೆ.”

“ಇನ್ಮೇಲೆ ನನ್ ಕೈಲಿ ಲಿಫ್ಟ್ ಹತ್ತೋಕೇ ಆಗಲ್ವೇನೋ ಅಕ್ಕ.”

“ಬಹಳ ಸಂತೋಷ ಕಣೋ! ಹಾಗೇ ಇರು” ಎಂದು ಫೋನ್ ಇಟ್ಟಿರಿ.

ಹಾಗೇ ಇದ್ದೇನೆ. ಎರಡು ವರ್ಷದಿಂದ ಲಿಫ್ಟ್ ಹತ್ತಿಲ್ಲ. ಅದಕ್ಕೇ ಉಗ್ರಾಣ. ಅದು ಬಡ್ತಿಯಲ್ಲ ಎಂಬುದು ನಿಮಗೆ ತಿಳಿಯದ್ದೇನಲ್ಲ. ಆದರೂ “ಬಹಳ ಸಂತೋಷ” ಎಂದು ಮತ್ತೆ ಅದನ್ನೇ ಬರೆದಿರಿ. ಮೊದಲು ಎಂಟನೇ ಮಹಡಿ ತೋರಿಸಿ ಕಾಡಿಸಿದಿರಿ. ಈಗ ಐದನೇ ಮಹಡಿಯನ್ನು ಇಪ್ಪತ್ತೈದು ವರ್ಷಕ್ಕೆ ಕೊಂಡೇಬಿಟ್ಟಿರಿ. ತಮಾಷೆ ಅರ್ಥವಾಯಿತು. ನಾನೂ ತಮಾಷೆಯ ಮನುಷ್ಯನೇ, ಆದರೆ ಇಷ್ಟು ದುಬಾರಿ ತಮಾಷೆ ಮಾಡಿದವನಲ್ಲ.

ಭಾವನೊಡನೆ ಹೋಗಿ ಸುಖವಾಗಿದ್ದು ಬನ್ನಿ.

ಇಂತಿ,
ಉಗ್ರಾಣದವನು


ಫೆಬ್ರವರಿ ೧೯

ಅಯ್ಯೋ ನನ್ನಪ್ಪಾ,

ನಿನ್ನೆ ಮಧ್ಯಾಹ್ನ ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಮೂರನೇ ಸಲ ಭಾವನ ಕೈಗೆ ಕೊಟ್ಟು, “ನೀವು ಓದಿ, ನನಗೆ ಕಣ್ಣು ಕಾಣ್ತಿಲ್ಲ” ಎಂದೆ. ಅವರು ಓದಿ ಮುಗಿಸಿ, “ಕಣ್ಣಲ್ಲ ಕಣೇ. ಇನ್ನಾದ್ರೂ ಅವನಿಗೆ ಹೇಳು” ಎಂದರು.

ಹೇಳುತ್ತೇನೆ. ನನಗೆ ಕಿವಿ ಕೇಳುವುದಿಲ್ಲ, ತಿರುಪು.

ಮೂರು ವರ್ಷವಾಯಿತು. ಮೊದಲು ಎಡಗಿವಿ, ಆಮೇಲೆ ಬಲಗಿವಿ, ಅಕ್ಕನನ್ನು ನೋಡಿ ತಂಗಿ ಕಲಿತಂತೆ. ಎದುರಿಗೆ ಒಬ್ಬರೇ ಕೂತು, ಸುತ್ತ ಸದ್ದಿಲ್ಲದೆ, ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಮುಕ್ಕಾಲು ತಿಳಿಯುತ್ತದೆ. ಗದ್ದಲದಲ್ಲಿ ಸೊನ್ನೆ. ಫೋನಿಗೆ ತುಟಿಯೇ ಇಲ್ಲ. ಭಾವನಿಗೆ ಇದು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಮದುವೆಯಾದಾಗಿನಿಂದಲೂ ನಾನು ಅವರ ಮಾತು ಕೇಳಿದವಳಲ್ಲವಾದ್ದರಿಂದ ಅವರಿಗೆ ವ್ಯತ್ಯಾಸ ಕಾಣಲಿಲ್ಲ.

ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಪೀರಿಯಡ್ಡಿನ ಗಂಟೆ ನನಗೆ ಕೇಳಿಸುವುದಿಲ್ಲ. ಮಕ್ಕಳ ಭುಜಗಳು ಒಟ್ಟಿಗೆ ಕೆಳಗಿಳಿದರೆ ಗಂಟೆಯಾಯಿತೆಂದು ಪುಸ್ತಕ ಮುಚ್ಚುತ್ತೇನೆ. ಇಡೀ ಶಾಲೆಯ ಗಂಟೆಗಳನ್ನು ನಿಗದಿ ಮಾಡುವವಳಿಗೆ ಗಂಟೆಯೇ ಕೇಳಿಸದು ಎಂದು ತಿಳಿದರೆ ಹೆಡ್‌ಮಿಸ್ಟ್ರೆಸ್ ನನ್ನನ್ನೂ ಯಾವುದೋ ಉಗ್ರಾಣಕ್ಕೆ ಬಡ್ತಿ ಮಾಡುತ್ತಾರೆ. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಕಾಡಿಸುತ್ತೀಯ ಎಂದು. ಬರೀ ಅಷ್ಟೇ. ಐವತ್ತೇಳಕ್ಕೆ ಇಂಥ ಭಯ.

ಫೋನಿಗೆ ನಾನೊಂದು ವೇಳಾಪಟ್ಟಿ ಮಾಡಿಕೊಂಡಿದ್ದೆ ಕಣೋ. ನನ್ನ ಬುದ್ಧಿ ಓಡುವುದೇ ಹಾಗೆ. ಎಲ್ಲರೂ ಮೊದಲು ಆರೋಗ್ಯ ಕೇಳುತ್ತಾರೆ, ಅದಕ್ಕೆ “ಚೆನ್ನಾಗಿದೀನಿ”. ಎರಡನೆಯದು ಊಟ, “ಈಗಷ್ಟೇ ಆಯ್ತು”. ಮೂರನೆಯದು ಭಾವ ಏನು ಮಾಡುತ್ತಿದ್ದಾರೆ ಎಂದು, “ಪೇಪರ್ ಓದ್ತಾ ಕೂತಿದಾರೆ”. ನಾಲ್ಕನೆಯದು ಅವರವರ ಸುದ್ದಿ, “ಬಹಳ ಸಂತೋಷ, ಹಾಗೇ ಇರು”. ದನಿ ನಿಂತಾಗ ನನ್ನ ಸರದಿ. ಒಂದು ವರ್ಷ ಒಬ್ಬರಿಗೂ ಗುಮಾನಿ ಬರಲಿಲ್ಲ! ಜನ ಫೋನಿನಲ್ಲಿ ಹೊಸದೇನೂ ಹೇಳುವುದಿಲ್ಲ ಎಂದು ನಾನು ಬೀಗಿದೆ. ಹೊಸದು ಹೇಳಿದವನು ನೀನೊಬ್ಬ. ಆಮೇಲೆ ಭಾವ, “ನಿನ್ನ ತಮ್ಮನ ದನಿ ಯಾಕೋ ಸರಿ ಇರ್ಲಿಲ್ಲ, ಇಲ್ಲಿಗೂ ಕೇಳ್ತಿತ್ತು” ಎಂದರು. ನಾನು ಹೆದರಿ, ಅವತ್ತಿನಿಂದ ಫೋನ್ ಎತ್ತುವುದನ್ನೇ ಬಿಟ್ಟೆ. ಏನಾಗಿತ್ತು ಎಂದು ತಿರುಗಿ ಕೇಳಬೇಕಿತ್ತು. ಕೇಳಿದರೆ ಅಷ್ಟು ಹೊತ್ತು ಕೇಳಿಸಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಕೇಳಲಿಲ್ಲ.

ಇನ್ನು ಆ ಐದನೇ ಮಹಡಿಯ ಕಥೆ. ಹೋಟೆಲಿನ ದೊಡ್ಡ ಹಾಲು, ನಲವತ್ತು ದುಂಡು ಮೇಜು, ಮೇಜಿಗೊಬ್ಬ ಮಾರಾಟಗಾರ, ನಲವತ್ತು ಬಾಯಿಯೂ ಒಟ್ಟಿಗೆ ಓಡುತ್ತಿವೆ, ಮೇಲೆ ಹಾಡು. ನಮ್ಮ ಪಾಲಿಗೆ ಬಂದವನು ನಗುತ್ತಲೇ ಮಾತಾಡುವವನು. ಅಳುವವರ ತುಟಿಯನ್ನಾದರೂ ಓದಬಹುದು, ಬಿಡದೆ ನಗುವವರದನ್ನು ಓದಲಾಗುವುದಿಲ್ಲ. ಎಲ್ಲ ಅಕ್ಷರವೂ ಹಲ್ಲಾಗಿಬಿಡುತ್ತವೆ. ಮೂರು ಗಂಟೆ! ಅವನು ನಕ್ಕಾಗ ನಕ್ಕೆ, ಹುಬ್ಬೇರಿಸಿದಾಗ ಹುಬ್ಬೇರಿಸಿದೆ, ನಿಲ್ಲಿಸಿದಾಗ “ಹೌದಲ್ವೇ!” ಎಂದೆ. ಕಾಗದ ಮುಂದಿಟ್ಟ. ಸೂಟ್‌ಕೇಸಿಗೆ ಎಂದುಕೊಂಡು, ಜೊತೆಗಾರರ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಬರೆದು, ಸಹಿ ಹಾಕಿದೆ. ಇನ್ನೊಂದು, ಮತ್ತೊಂದು. ಇಷ್ಟು ಸಹಿಯೇ ಒಂದು ಸೂಟ್‌ಕೇಸಿಗೆ ಎಂದು ಆಶ್ಚರ್ಯಪಟ್ಟೆ, ಆದರೂ ಮುಂಗಡದ ಚೆಕ್ಕು ಕೂಡ ಬರೆದೆ, ವಾಪಸು ಕೊಡುವ ಠೇವಣಿ ಎಂದುಕೊಂಡು. ಆಮೇಲೆ ಹಾಲಿನಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಯಾರಿಗೋ ಬಹುಮಾನ ಬಂತೆಂದು ನಾನೂ ಎದ್ದು ತಟ್ಟಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಭಾವ ಅಷ್ಟೂ ಹೊತ್ತು ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಕಡೆ ತಿರುಗಿ ನಿಧಾನವಾಗಿ, “ಅಷ್ಟು ಬೇಗ ಒಪ್ಕೊಂಡ್‌ಬಿಟ್ಯಲ್ಲೇ” ಎಂದರು.

“ಏನನ್ನ?”

“ಐದನೇ ಮಹಡೀನ.”

“ನೀವ್ಯಾಕ್ರೀ ಹೇಳ್ಲಿಲ್ಲ?”

“ಅಷ್ಟು ಖುಷಿಯಾಗಿದ್ದೆ. ನಿನ್ನ ತಮ್ಮನ ಜೊತೆ ಇರೋ ಆಸೆಗೆ ಅಂದ್ಕೊಂಡೆ.”

ಅವಮಾನವಾಯಿತು. ಅದಕ್ಕೇ ನಿನಗೆ “ಶುಭ ಸಮಾಚಾರ” ಎಂದು ಬರೆದೆ. ನೀರು ಧೋ ಎಂದು ಸುರಿಯುವ ಕಡೆ ನಾನೂ, ಐದನೇ ಮಹಡಿಗೆ ನೀನೂ! ನಲವತ್ತು ಮೇಜಿನ ಜನರಲ್ಲಿ ಇಬ್ಬರಿಗೂ ಒಟ್ಟಿಗೆ ಇಷ್ಟು ಒಗ್ಗದ ಮನೆಯನ್ನು ಕಣ್ಣು ಬಿಟ್ಟುಕೊಂಡೇ ಆರಿಸಿದವಳು ನಾನೊಬ್ಬಳೇ ಇರಬೇಕು.

ಕಾಗದ ಪತ್ರ ಓದಿದೆ. ಇಪ್ಪತ್ತೊಂದು ದಿನದೊಳಗೆ ಬೇಡವೆನ್ನಬಹುದು, ಆದರೆ ಹೆಸರಿರುವ ಇಬ್ಬರೂ ಕೇಂದ್ರ ಕಚೇರಿಗೆ ಖುದ್ದಾಗಿ ಹೋಗಬೇಕು. ಮಾರ್ಚ್ ಒಂದು ಕೊನೆಯ ದಿನ. ಬರುತ್ತೀಯಾ?

ಅದಕ್ಕೂ ಮೊದಲು ಆ ಏಳು ಗಂಟೆ ಏನಾಯಿತು ಬರೆ. ಎರಡು ವರ್ಷ ತಡವಾಗಿ ಕೇಳುತ್ತಿದ್ದೇನೆ. ಈ ಸಲ ಒಂದಕ್ಷರವೂ ತಪ್ಪಿಹೋಗುವುದಿಲ್ಲ.

ನಿನ್ನ ಕಿವುಡಕ್ಕ


ಫೆಬ್ರವರಿ ೨೨

ಅಕ್ಕಾ,

ಕಾಡಿಸುವುದಿಲ್ಲ. ಇವತ್ತೊಂದು ದಿನ.

“ಮಾನ್ಯರೇ” ಎಂದು ಬರೆದದ್ದಕ್ಕೆ ನನ್ನವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ನಿನ್ನ ಕಾಗದ ಓದಿ ಹೇಳಿದ ಮೇಲೆ ಅತ್ತಳು, ಆಮೇಲೆ ಚಪ್ಪಾಳೆಯ ಜಾಗಕ್ಕೆ ಬಂದಾಗ ನಕ್ಕು ನಕ್ಕು ಕೆಮ್ಮು ಬಂತು. ನನ್ನ ಜೊತೆ ಅವಳೂ ಕ್ಷಮೆ ಕೇಳಿದ್ದಾಳೆ ಎಂದು ತಿಳಿ.

ಆ ದಿನದ್ದು ಬರೆಯುತ್ತೇನೆ. ಅದೊಂದು ಕಚೇರಿ ಕಟ್ಟಡ, ಭಾನುವಾರ ಖಾಲಿ. ಲಿಫ್ಟ್ ಪರೀಕ್ಷೆಗೆಂದು ನಾನೊಬ್ಬನೇ ಹೋಗಿದ್ದೆ. ಏಳನೇ ಮಹಡಿಯ ಪಡಸಾಲೆಯಲ್ಲಿ ಉಪಕರಣದ ಚೀಲ ಇಟ್ಟು, ಒಂದೇ ಒಂದು ನಿಮಿಷ ನೋಡೋಣವೆಂದು ಒಳಗೆ ಹೋದೆ. ಬಾಗಿಲು ಮುಚ್ಚಿಕೊಂಡು, ಎರಡು ಗೇಣು ಕೆಳಗಿಳಿದು, ನಿಂತಿತು. ದೀಪ ಹೋಯಿತು. ಸ್ಪ್ಯಾನರೂ ಹೊರಗೆ, ಫೋನೂ ಹೊರಗೆ.

ಅಪಾಯದ ಗುಂಡಿ ಒತ್ತಿದೆ. ನಮ್ಮ ಕಂಪನಿಯ ಧ್ವನಿಮುದ್ರಿಕೆಯ ಹೆಂಗಸು ಮಾತಾಡಿದಳು. “ಗಾಬರಿಯಾಗಬೇಡಿ. ನಿಮ್ಮ ಕಟ್ಟಡದ ತಂತ್ರಜ್ಞರಿಗೆ ಕರೆ ಹೋಗುತ್ತಿದೆ.” ಮರುಕ್ಷಣ ಬಾಗಿಲಾಚೆ, ಪಡಸಾಲೆಯಲ್ಲಿ, ಚೀಲದೊಳಗೆ ನನ್ನ ಫೋನ್ ಬಾರಿಸತೊಡಗಿತು. ಆ ಕಟ್ಟಡದ ತಂತ್ರಜ್ಞ ನಾನೇ. ಅವಳು ಕರೆಯುತ್ತಿದ್ದದ್ದು ನನ್ನನ್ನು, ನನ್ನನ್ನು ಬಿಡಿಸಲಿಕ್ಕೆ. ಮತ್ತೆ ಒತ್ತಿದೆ, ಮತ್ತೆ ಬಾರಿಸಿತು. ಹದಿನಾರು ಸಲ. ಆಮೇಲೆ ಚಾರ್ಜ್ ಮುಗಿದು ಅದೂ ಸುಮ್ಮನಾಯಿತು.

ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಒಳಗಿದ್ದಾಗ ಅನಿಸಿದ್ದು ಬೇರೆ ಅಕ್ಕ. ಮೂವತ್ತು ವರ್ಷ ಎಷ್ಟೋ ಜನರಿಗೆ ಹೊರಗಿನಿಂದ, “ಹೆದರ್ಕೋಬೇಡಿ, ನಾನಿದೀನಿ” ಎಂದು ಕೂಗಿದವನು ನಾನು. ಹಾಗೆ ಕೂಗುವವನೊಬ್ಬನಿದ್ದರೆ ಒಳಗಿರುವವರಿಗೆ ಅದೆಷ್ಟು ದೊಡ್ಡದು ಎಂದು ಅವತ್ತು ತಿಳಿಯಿತು. ಸಂಜೆ ಕಾವಲುಗಾರ ಬಂದು ತೆಗೆಸಿದ. ಮರುದಿನ ನಿನ್ನ ದನಿ ಕೇಳಬೇಕೆನಿಸಿತ್ತು, ಅಷ್ಟೇ. ನೀನು ಏನು ಹೇಳಿದ್ದರೂ ಆಗುತ್ತಿತ್ತು. “ಬಹಳ ಸಂತೋಷ” ಒಂದು ಬಿಟ್ಟು.

ಈಗ ಸರಿಹೋಯಿತು. ಈ ಮಾತು ನಿನಗೆ ಕೇಳಿಸಲಿ ಎಂದು ದೊಡ್ಡದಾಗಿ ಬರೆದಿದ್ದೇನೆ.

ಇಪ್ಪತ್ತೆಂಟನೇ ತಾರೀಖು ಕೇಂದ್ರ ಕಚೇರಿಗೆ ಬರುತ್ತೇನೆ. ಅದು ನಿನ್ನೂರಿಗೂ ನನ್ನೂರಿಗೂ ನಡುವೆ ಇರುವುದರಿಂದ ಯಾರ ಮೇಲೆ ಯಾರೂ ಉಪಕಾರ ಹೊರಿಸಬೇಕಾಗಿಲ್ಲ. ವಿಚಾರಿಸಿದ್ದೇನೆ, ಕಚೇರಿ ನೆಲಮಹಡಿಯಲ್ಲೇ ಇದೆ. ಬೆಳಿಗ್ಗೆ ಹತ್ತಕ್ಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಹತ್ತಿರ ನಿಂತಿರು. ಅಷ್ಟರೊಳಗೆ ಒಂದು ಕಿವಿಯ ಯಂತ್ರ ಹಾಕಿಸಿಕೊಂಡು ಬಾ. ಹೆಡ್‌ಮಿಸ್ಟ್ರೆಸ್ ಏನಾದರೂ ಅಂದರೆ ನಾನು ಬಂದು ಅವರ ಶಾಲೆಗೆ ಲಿಫ್ಟ್ ಹಾಕಿ, ಅದರಲ್ಲಿ ಅವರನ್ನು ಹತ್ತಿಸುತ್ತೇನೆ.

ತಿರುಪು


ಫೆಬ್ರವರಿ ೨೮, ಬೆಳಿಗ್ಗೆ ೧೧-೧೦
ಕೇಂದ್ರ ಕಚೇರಿ, ನಿನ್ನ ಎಡಗಡೆಯ ಕುರ್ಚಿ

ತಿರುಪೂ,

ಇವರ ಜಾಹೀರಾತಿನ ಹಿಂಬದಿ ಖಾಲಿಯಿದೆ, ಇದರಲ್ಲೇ ಬರೆಯುತ್ತೇನೆ. ನಿಲ್ದಾಣದಲ್ಲಿ ನಿನ್ನ ಮಾತು ಚೆನ್ನಾಗಿ ಕೇಳಿಸಿತು. ಇಲ್ಲಿ ಹಾಡು, ಕಾರಂಜಿ, ಹತ್ತು ಜನರ ಬಾಯಿ, ಎಲ್ಲವೂ ಒಟ್ಟಿಗೆ ಕಿವಿಯೊಳಗೆ ನುಗ್ಗುತ್ತಿವೆ. ಯಂತ್ರ ಆರಿಸಿಬಿಟ್ಟೆ. ಈ ಮನುಷ್ಯನೂ ನಗುತ್ತಲೇ ಮಾತಾಡುವವನು. ಏನಂತಾನೆ ಬರೆದು ತೋರಿಸು. ನಾನು ತಲೆ ಅಲ್ಲಾಡಿಸುವುದಿಲ್ಲ, ಗದ್ದ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.


೧೧-೧೫, ಬಲಗಡೆಯ ಕುರ್ಚಿ

ಅಕ್ಕಾ,

ಬೇಡ ಎಂದೆ. ಯಾಕೆ ಎಂದ. ನಿನಗೆ ಜಲಪಾತದ ಸದ್ದು ಆಗುವುದಿಲ್ಲ ಎಂದೆ. ಹಾಗಾದರೆ ಬೆಟ್ಟ ಕೊಡುತ್ತೇನೆ, ಎಂಟನೇ ಮಹಡಿ, ನಿಶ್ಶಬ್ದ ಎಂದ. ನನಗೆ ಮಹಡಿ ಆಗುವುದಿಲ್ಲ ಎಂದೆ. ಹಾಗಾದರೆ ಕಡಲು, ನೆಲಮಹಡಿ ಎಂದ. ನಿನಗೆ ಅಲೆಯ ಸದ್ದು ಆಗುವುದಿಲ್ಲ ಎಂದೆ. ಮೊದಲ ಸಲ ನಗು ನಿಲ್ಲಿಸಿದ್ದಾನೆ. ಈಗ ತುಟಿ ಓದಬಹುದು ನೋಡು.


೧೧-೧೮

ಓದಿದೆ. “ನಿಮ್ಮಿಬ್ಬರಿಗೂ ಒಟ್ಟಿಗೆ ಆಗೋದು ಯಾವುದೂ ಇಲ್ಲ ಸಾರ್” ಎಂದ. ನಿಜವೇ ಇರಬಹುದು. ರದ್ದು ಮಾಡಿಸಿ ಹೊರಡೋಣ. ನನ್ನ ಮನೆಗೇ ಬಂದು ಒಂದು ವಾರ ಇರು. ಆದರೆ ನಮ್ಮ ಎದುರಿಗೆ ಹೊಸ ಮನೆ ಕಟ್ಟುತ್ತಿದ್ದಾರೆ, ಬೆಳಗಾದರೆ ಕಲ್ಲು ಕೊಯ್ಯುವ ಸದ್ದು.


೧೧-೨೬

ಅಕ್ಕಾ, ತಾಳು. ಈ ಗೋಡೆಯ ಮೇಲೆ ಜಲಪಾತದ ಕಟ್ಟಡದ ನಕ್ಷೆ ತೂಗುಹಾಕಿದ್ದಾರೆ. ಲಿಫ್ಟ್ ಎಲ್ಲಿದೆ ಎಂದು ಹುಡುಕುವುದು ನನ್ನ ಹಳೇ ಚಟ. ಹಿಂಭಾಗದಲ್ಲಿ, ನೆಲಮಹಡಿಯಲ್ಲಿ, ಹಾಸಿಗೆ ದಿಂಬು ತುಂಬಿಡುವ ಗೋದಾಮಿನ ಮಗ್ಗುಲಿಗೆ ಒಂದು ಮನೆ ಕಂಡಿತು. ಎರಡು ಮಲಗುವ ಕೋಣೆ. ನಂಬರೂ ಇಲ್ಲ, ಪುಸ್ತಕದಲ್ಲಿ ಚಿತ್ರವೂ ಇಲ್ಲ. ಅದೇನು ಎಂದು ಕೇಳಿದೆ. ಅವನಿಗೆ ನಾಚಿಕೆಯಾಗಿಬಿಟ್ಟಿತು.

“ಅದ್ಯಾಕೆ ಸಾರ್, ಅದನ್ನ ಕಟ್ಟಿದಾಗಿಂದ ಯಾರೂ ತಗೊಂಡಿಲ್ಲ.”

“ಯಾಕೆ?”

“ಕಟ್ಟಡದ ಬೆನ್ನಿಗಿದೆ ಸಾರ್. ಕಿಟಕಿ ತೆಗೆದರೆ ಕಾಂಪೌಂಡ್ ಗೋಡೆ. ಮೂರು ಕಡೆನೂ ಹಾಸಿಗೆ ಪೇರಿಸಿಟ್ಟಿದಾರೆ. ಅಲ್ಲಿ ಕೂತರೆ ಏನೂ ಕಾಣಲ್ಲ, ಏನೂ ಕೇಳಲ್ಲ. ಜಲಪಾತ ಇದೆ ಅಂತಾನೇ ಗೊತ್ತಾಗಲ್ಲ.”

ನಾನು ಕುರ್ಚಿಯಿಂದ ಎದ್ದದ್ದು ಅದಕ್ಕೇ. ನೀನು ಹೆದರಿದೆಯಲ್ಲ.


೧೧-೩೧

ಏನೂ ಕೇಳಲ್ಲ ಅಂದನೇ? ಬಾಯಿಬಿಟ್ಟು ಹಾಗೇ ಅಂದನೇ? ಅದನ್ನು ಬರವಣಿಗೆಯಲ್ಲಿ ಕೊಡಲಿ. ಇಂಥವರ ಮಾತನ್ನು ನಂಬಿ ಒಂದು ಸಲ ಚಪ್ಪಾಳೆ ತಟ್ಟಿಯಾಗಿದೆ.


೧೧-೪೦

ಅಕ್ಕಾ, ಕೊಟ್ಟಿದ್ದಾನೆ. ನಿನ್ನ ಮುಂದಿರುವ ಕಾಗದದ ಆರನೇ ಸಾಲು ನೋಡು: “ಯಾವುದೇ ದೃಶ್ಯ ಅಥವಾ ಶಬ್ದ ಇಲ್ಲದಿರುವ ಬಗ್ಗೆ ಗ್ರಾಹಕರು ಮುಂದೆ ದೂರು ನೀಡತಕ್ಕದ್ದಲ್ಲ.” ನಾವು ಕೊಳ್ಳುತ್ತೇವೆ ಎಂದರೆ ನಂಬುತ್ತಲೇ ಇಲ್ಲ. ಒಳಗೆ ಹೋಗಿ ದೊಡ್ಡ ಮ್ಯಾನೇಜರನ್ನು ಕರೆತಂದಿದ್ದಾನೆ. ಅವರು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಾರೆ. ಐದನೇ ಮಹಡಿಯದನ್ನು ರದ್ದು ಮಾಡಿ, ಇದರ ಬೆಲೆಯನ್ನು ಅವರೇ ಅರ್ಧಕ್ಕೆ ಇಳಿಸಿದರು, ನಾನು ಬಾಯಿ ತೆಗೆಯುವ ಮೊದಲೇ.

ಎಲ್ಲ ಸಾಲನ್ನೂ ಎರಡು ಸಲ ಓದು. ಆಮೇಲೆ ಸಹಿ.


೧೧-೫೫

ಓದಿದೆ. ಮೂರು ಸಲ. ಒಂದು ಕಾಗುಣಿತ ತಿದ್ದಿದೆ. ಸಹಿ ಹಾಕಿದೆ.

ಮ್ಯಾನೇಜರು ನನ್ನನ್ನೇ ನೋಡುತ್ತಾ ಏನೋ ಕೇಳುತ್ತಿದ್ದಾರೆ. ಏನಂತೆ?


೧೧-೫೬

“ಗೋಡೆ ನೋಡ್ಕೊಂಡು ಅಲ್ಲಿ ಒಂದು ವಾರ ಏನ್ ಮಾಡ್ತೀರಮ್ಮ?” ಅಂತೆ.


೧೧-೫೭

ಮಾತಾಡ್ತೀವಿ ಅಂತ ಹೇಳು. ಎರಡು ವರ್ಷದ್ದು ಹಾಗೇ ಉಳಿದಿದೆ. ಪಕ್ಕದ ವಾರವೂ ಖಾಲಿ ಇದೆಯಾ ಕೇಳು.